ಎಂಆರ್‌ಐ ನಾರ್ಮಲ್ ಬಂದಿದೆ, ಹಾಗಾದ್ರೆ ಆಟಿಸಂ ಇಲ್ವಾ ಡಾಕ್ಟ್ರೇ?

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಹೆಸರು ಹಿಡಿದು ಕರೆದ್ರೂ ತಿರುಗಲ್ಲ, ಆಟದ ಕಾರನ್ನ ತಲೆಕೆಳಗು ಮಾಡ್ಕೊಂಡು ಚಕ್ರ ತಿರುಗಿಸ್ತಾ ಕೂತಿರ್ತಾನೆ, ಮಾತು ಅಂದ್ರೆ ನಾಲ್ಕೈದು ಪದ. ಡಾಕ್ಟ್ರು ಆಟಿಸಂ ಅಂದ್ರು, ಥೆರಪಿ ಶುರು ಮಾಡಿದ್ವಿ. ಆಮೇಲೆ ಬೇರೆ ಕಡೆ ಎಂಆರ್‌ಐ ಮಾಡಿಸಿದ್ರೆ ರಿಪೋರ್ಟ್ ನಾರ್ಮಲ್. ಈಗ ಅತ್ತೆ 'ಅವರಪ್ಪಂಗೂ ಮಾತು ಲೇಟೇ, ಥೆರಪಿ ಬಿಡ್ಸು' ಅಂತಿದಾರೆ. ಸ್ಕ್ಯಾನಲ್ಲೇ ಆಟಿಸಂ ಕಂಡುಹಿಡೀತಾರೆ ಅಂತ ಯೂಟ್ಯೂಬಲ್ಲೂ ನೋಡಿದೆ. ಯಾವುದು ನಿಜ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲನೇ ಮಾತು, ಥೆರಪಿ ಬಿಡಿಸಬೇಡೀಮ್ಮ. ಆಟಿಸಂ ಇರೋ ಹೆಚ್ಚಿನ ಮಕ್ಕಳ ಎಂಆರ್‌ಐ ನಾರ್ಮಲ್ಲೇ ಬರೋದು. ಗಡ್ಡೆ ಇದ್ಯಾ, ನೀರು ತುಂಬಿದ್ಯಾ, ಹುಟ್ಟುವಾಗ ಪೆಟ್ಟಾಗಿದ್ಯಾ ಅಂತ ರೇಡಿಯಾಲಜಿಸ್ಟ್ ನೋಡ್ತಾರೆ, ಅದ್ಯಾವುದೂ ಇಲ್ಲ ಅನ್ನೋದಷ್ಟೇ ಆ 'ನಾರ್ಮಲ್'. ಆಟಿಸಂ ಅನ್ನೋದು ಫಿಲ್ಮಲ್ಲಿ ಬೆರಳಿಟ್ಟು ತೋರಿಸೋ ಕಲೆ ಅಲ್ಲ. ಅದನ್ನ ಮಗು ಜೊತೆ ಕೂತು ಆಡ್ಸಿ, ನಿಮ್ಮನ್ನ ಕೇಳಿ, ಐಸಾ (ಆಟಿಸಂ ಅಳೆಯೋಕೆ ನಮ್ಮ ದೇಶದಲ್ಲೇ ಮಾಡಿರೋ ಪ್ರಶ್ನಾವಳಿ) ಥರದ ಸ್ಕೇಲ್ ಹಾಕಿಯೇ ಹೇಳೋದು, ನಿಮ್ಹಾನ್ಸಲ್ಲೂ ಅಷ್ಟೇ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಅಷ್ಟೇ. ಎಂಆರ್‌ಐ ಬೇಕಾಗೋದು ಫಿಟ್ಸ್ ಇದ್ರೆ, ಒಂದು ಕಡೆ ಕೈಕಾಲಲ್ಲಿ ಬಲ ಕಮ್ಮಿ ಇದ್ರೆ, ಮೈಮೇಲೆ ಎಲೆ ಆಕಾರದ ಬಿಳಿ ಮಚ್ಚೆಗಳಿದ್ರೆ, ಚೆನ್ನಾಗಿ ನಡೀತಿದ್ದ ಮಗು ನಡೆಯೋದನ್ನೇ ಬಿಟ್ರೆ.

ಇನ್ನು ಯೂಟ್ಯೂಬ್ ವಿಷ್ಯ. ಅದು ಪೂರ್ತಿ ಸುಳ್ಳಲ್ಲ, ಬಹುಶಃ ನೀವು ನೋಡಿದ್ದು 2017ರಲ್ಲಿ 'ನೇಚರ್' ಪತ್ರಿಕೇಲಿ ಬಂದ ಅಮೆರಿಕದ ಸ್ಟಡಿ ಬಗ್ಗೆ ಇರ್ಬೇಕು. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರೋ 106 ಕೂಸುಗಳನ್ನ 6, 12, 24 ತಿಂಗಳಲ್ಲಿ ರಾತ್ರಿ ತಾವಾಗೇ ನಿದ್ದೆ ಹೋದಾಗ ಸ್ಕ್ಯಾನ್ ಮಾಡಿದ್ರು. ಮುಂದೆ ಆಟಿಸಂ ಗೊತ್ತಾದ ಮಕ್ಕಳಲ್ಲಿ ಮೊದಲ ವರ್ಷವೇ ಮೆದುಳಿನ ಮೇಲ್ಪದರದ ವಿಸ್ತೀರ್ಣ ಬೇಗ ಬೇಗ ಹಿಗ್ಗಿತ್ತು, ಎರಡನೇ ವರ್ಷ ಇಡೀ ಮೆದುಳೇ ಜಾಸ್ತಿ ಬೆಳೆದಿತ್ತು. ಕಂಪ್ಯೂಟರ್ 'ಈ ಕೂಸಿಗೆ ಬರುತ್ತೆ' ಅಂದ ಹತ್ತರಲ್ಲಿ ಎಂಟು ನಿಜ ಆಯ್ತು. ದೊಡ್ಡ ವಿಷ್ಯಾನೇ, ಆದ್ರೆ ಅವೆಲ್ಲ ಮೊದಲೇ ರಿಸ್ಕ್ ಜಾಸ್ತಿ ಇದ್ದ ಕೂಸುಗಳು, ಅದೇ ಲೆಕ್ಕಾನ ಊರಿನ ಎಲ್ಲಾ ಕೂಸುಗಳಿಗೂ ಹಾಕಿದ್ರೆ ಸುಮ್ಮಸುಮ್ಮನೆ ಎಷ್ಟು ಮನೇಲಿ ಗಾಬರಿ ಆಗುತ್ತೋ. ಅದೂ ಅಲ್ದೆ ನಿಮ್ಮ ಮಗನಲ್ಲಿ ಲಕ್ಷಣ ಕಣ್ಣಿಗೇ ಕಾಣ್ತಿದೆ, ಅನ್ನ ಬೆಂದಿದ್ಯಾ ಅಂತ ನೋಡೋಕೆ ಅಗುಳು ಹಿಚುಕಿದ್ರೆ ಸಾಕಲ್ವಾ.

ದೊಡ್ಡ ಮಕ್ಕಳ ಸ್ಕ್ಯಾನ್ ಕಥೆ ಇನ್ನೂ ಗೋಜಲು. 2012ರಲ್ಲಿ ಅಬೈಡ್ ಅಂತ ಒಂದು ಡೇಟಾ ಭಂಡಾರ ಓಪನ್ ಆಯ್ತು, 17 ಸೆಂಟರ್‌ಗಳಿಂದ 1112 ಜನರ ಸ್ಕ್ಯಾನು, ಅರ್ಧಕ್ಕರ್ಧ ಆಟಿಸಂ ಇರೋರು. ಅದನ್ನಿಟ್ಕೊಂಡು 'ಇವರಿಗೆ ಇದೆ, ಇವರಿಗೆ ಇಲ್ಲ' ಅಂತ ಕಂಪ್ಯೂಟರಿಂದ ಹೇಳಿಸೋಕೆ ಹೋದ್ರೆ ದೊಡ್ಡ ದೊಡ್ಡ ಸ್ಟಡಿಗಳಲ್ಲಿ ಸಿಕ್ಕಿದ್ದು ನೂರಕ್ಕೆ 60-70 ಸರಿ ಉತ್ತರ. ನಾಣ್ಯ ಚಿಮ್ಮಿದ್ರೇ 50 ಸಿಗುತ್ತೆ! ಅದೇ ವರ್ಷ ಇನ್ನೊಂದು ಪೆಟ್ಟೂ ಬಿತ್ತು. ಅಲ್ಲಿವರೆಗೂ ಆಟಿಸಂನಲ್ಲಿ ಮೆದುಳಿನ ದೂರದ ಭಾಗಗಳ ನಡುವೆ ಸಂಪರ್ಕ ಕಮ್ಮಿ, ಹತ್ತಿರದ ಭಾಗಗಳ ನಡುವೆ ಜಾಸ್ತಿ ಅನ್ನೋ ಮಾತು ಜೋರಾಗಿತ್ತು, ಆದ್ರೆ ಸ್ಕ್ಯಾನರ್ ಒಳಗೆ ತಲೆ ಒಂದು ಮಿಲಿಮೀಟರಿಗಿಂತ ಕಮ್ಮಿ ಅಲ್ಲಾಡಿದ್ರೂ ಹೆಚ್ಚುಕಮ್ಮಿ ಅದೇ ಚಿತ್ರ ಬರುತ್ತೆ ಅಂತ ಬೇರೆ ಬೇರೆ ಟೀಮ್‌ಗಳು ತೋರಿಸಿದ್ವು. ಆಟಿಸಂ ಇರೋ ಮಕ್ಕಳು ಒಳಗೆ ಸುಮ್ನೆ ಮಲಗೋದೇ ಕಷ್ಟ, ಹಾಗಾದ್ರೆ ಕಂಡಿದ್ದರಲ್ಲಿ ಮೆದುಳೆಷ್ಟು ಮಿಸುಕಾಟ ಎಷ್ಟು? ಎಲ್ಲಾ ಸುಳ್ಳಾಗಲಿಲ್ಲ, ಆದ್ರೆ ಹಳೇ ಪೇಪರ್‌ಗಳನ್ನ ಈಗ ನಾನು ಸ್ವಲ್ಪ ಅನುಮಾನದಿಂದಲೇ ಓದೋದು.

ಹಾಂ, ಯಾರಾದ್ರೂ ಬಣ್ಣಬಣ್ಣದ ಬ್ರೇನ್ ಫೋಟೋ ತೋರಿಸಿ ಸ್ಟೆಮ್ ಸೆಲ್ ಹಾಕ್ಸಿ ಅಂದ್ರೆ ಎದ್ದು ಬನ್ನಿ. ಆಟಿಸಂಗೆ ಅದನ್ನ ಶಿಫಾರಸು ಮಾಡಲ್ಲ ಅಂತ 2022ರಲ್ಲೇ ನ್ಯಾಷನಲ್ ಮೆಡಿಕಲ್ ಕಮಿಷನ್ ಕಡೆಯಿಂದ ಬಂದಿದೆ.

ಪ್ರಶ್ನೆ: ಮಗಳಿಗೆ 14, ಆಟಿಸಂ ಇದೆ, ಚೆನ್ನಾಗಿ ಮಾತಾಡ್ತಾಳೆ. ರಿಸರ್ಚ್‌ಗೆ ಎಂಆರ್‌ಐ ಮಾಡ್ತೀವಿ ಕಳಿಸಿ ಅಂತ ಕೇಳಿದಾರೆ. ತೊಂದ್ರೆ ಏನಾದ್ರೂ ಇದ್ಯಾ ಸಾರ್?
— ಒಬ್ಬ ತಂದೆ, ಬೆಂಗಳೂರು

ಉತ್ತರ: ರೇಡಿಯೇಷನ್ ಇಲ್ಲ, ಅದರ ಭಯ ಬೇಡ. ಆದ್ರೆ ಸದ್ದು ವಿಪರೀತ, ಮತ್ತೆ ಹಲ್ಲಿಗೆ ಕ್ಲಿಪ್ ಹಾಕ್ಸಿದ್ರೆ ಮೊದಲೇ ಹೇಳಿ, ಚಿತ್ರ ಕೆಡುತ್ತೆ. ಅವಳಿಗೆ ಇದರಿಂದ ನೇರ ಲಾಭ ಏನೂ ಇರಲ್ಲ ಅಂತ ಗೊತ್ತಿರ್ಲಿ. ನನ್ನ ಕೇಳಿದ್ರೆ ಅವಳು ಒಪ್ಪೋದಾದ್ರೆ ಹೋಗಲಿ ಅಂತೀನಿ, ಯಾಕಂದ್ರೆ ಈ ಸ್ಟಡಿಗಳಲ್ಲಿ ಬಹುಪಾಲು ಗಂಡುಮಕ್ಕಳೇ, ಹುಡುಗೀರ ಮೆದುಳಿನ ಬಗ್ಗೆ ಗೊತ್ತಿರೋದು ಕಮ್ಮಿ. ವಯಸ್ಸಿನ ಲೆಕ್ಕಾನೂ ಇದೆ: 2004ರ ಒಂದು ಸ್ಟಡೀಲಿ ಆಟಿಸಂ ಇದ್ದ ಚಿಕ್ಕ ಹುಡುಗರಲ್ಲಿ ಅಮಿಗ್ಡಲಾ, ಅಂದ್ರೆ ಭಯ ಆತಂಕಕ್ಕೆ ಸಂಬಂಧಪಟ್ಟ ಭಾಗ, ದೊಡ್ಡದಿತ್ತು, ಹದಿಹರೆಯದವರಲ್ಲಿ ಆ ವ್ಯತ್ಯಾಸವೇ ಕಾಣಲಿಲ್ಲ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮದ ಪ್ರಕಾರ ನಿಮ್ಮ ಸಹಿ ಒಂದೇ ಸಾಲಲ್ಲ, 12 ದಾಟಿದ ಮಕ್ಕಳ ಒಪ್ಪಿಗೇನೂ ಬರಹದಲ್ಲಿ ತಗೋಬೇಕು. ಡಮ್ಮಿ ಸ್ಕ್ಯಾನರ್, ಅಂದ್ರೆ ಅಭ್ಯಾಸಕ್ಕೆ ಇಟ್ಟಿರೋ ನಕಲಿ ಮೆಷಿನ್, ಇದ್ಯಾ ಕೇಳಿ. ಕೆಲವು ಕಡೆ ಅದರೊಳಗೆ ಕಾರ್ಟೂನ್ ಹಾಕ್ತಾರೆ, ತಲೆ ಅಲ್ಲಾಡಿದ ತಕ್ಷಣ ಕಾರ್ಟೂನ್ ನಿಲ್ಲುತ್ತೆ, ಮಕ್ಕಳು ಬೇಗ ಕಲೀತಾರೆ. ಇಲ್ಲಾಂದ್ರೆ ಊಟದ ಟೇಬಲ್ ಕೆಳಗೆ ಬೆಡ್‌ಶೀಟ್ ಇಳಿಬಿಟ್ಟು ಮಲಗಿಸಿ ಫೋನಲ್ಲಿ ಎಂಆರ್‌ಐ ಸದ್ದು ಹಾಕಿ, ಮೊದಲು ಎರಡು ನಿಮಿಷ, ಆಮೇಲೆ ಐದು, ಹತ್ತು. ಒಳಗೆ ಹೋದಾಗ ಕೈಗೊಂದು ರಬ್ಬರ್ ಚೆಂಡು ಕೊಡ್ತಾರೆ, ಅದನ್ನ ಒತ್ತಿದ್ರೆ ಹೊರಗೆ ತೆಗೀತಾರೆ ಅಂತ ಮನೇಲೇ ಹೇಳಿ, ಯಾವಾಗ ಬೇಕಾದ್ರೂ ಒತ್ತಬಹುದು, ಯಾರೂ ಬೈಯಲ್ಲ ಅಂತಾನೂ.