ಜೀನ್ಸ್ ಘಟಕದ ಫೈಲ್‌ಗಳನ್ನು ಕಳುಹಿಸಲು ಯಾವ ಉಚಿತ ಮುಕ್ತ ತಂತ್ರಾಂಶ ಒಳ್ಳೆಯದು?

ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ಬೆರೆತಿವೆ: ಹೊಸ ಮಾಲಿನ ಫೋಟೊಗಳನ್ನು ವೆಬ್‌ಸೈಟಿಗೆ ಏರಿಸುವುದು, ಫೋನಿನಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿಗೆ ತರುವುದು, ಕೌಲ್‌ಬಜಾರಿನ ಆಫೀಸಿನಿಂದ ಹೊಲಿಗೆ ಘಟಕಕ್ಕೆ ಪ್ಯಾಟರ್ನ್ ಫೈಲ್‌ಗಳನ್ನು ತಲುಪಿಸುವುದು. ಬಳ್ಳಾರಿಯಲ್ಲಿ ಇಂಥ ಘಟಕಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಾಗಿ ನಾನು ಹೇಳುವುದಿಷ್ಟೆ: ಮೂರಕ್ಕೂ ಒಂದೇ ತಂತ್ರಾಂಶವನ್ನು ಹುಡುಕಬೇಡಿ. ಫೈಲ್ ಹೋಗಿ ಸೇರುವ ಕಡೆ ವೆಬ್‌ಸೈಟನ್ನು ಇಟ್ಟಿರುವ ಹೋಸ್ಟಿಂಗ್ ಸರ್ವರ್ ಇದೆಯೋ ನಿಮ್ಮದೇ ಇನ್ನೊಂದು ಯಂತ್ರವಿದೆಯೋ ಎಂಬುದನ್ನು ನೋಡಿ ಆರಿಸಿಕೊಳ್ಳಿ.

ವೆಬ್‌ಸೈಟಿನ ಕೆಲಸದಲ್ಲಿ ತಂತ್ರಾಂಶದ ಹೆಸರಿಗಿಂತ ಅದು ಬಳಸುವ ವಿಧಾನವೇ ಮುಖ್ಯ. ಜಾಲದ ಮೂಲಕ ಫೈಲ್ ಕಳುಹಿಸುವ ಹಳೆಯ ವಿಧಾನವಾದ ಎಫ್‌ಟಿಪಿಯ ಮೊದಲ ಕರಡನ್ನು 1971ರಲ್ಲಿ ಬರೆದವರು ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಅಭಯ್ ಭೂಷಣ್. ಪರಸ್ಪರ ನಂಬಿಕೆಯಿದ್ದ ಕೆಲವೇ ಸಂಸ್ಥೆಗಳ ಜಾಲಕ್ಕಾಗಿ ರೂಪುಗೊಂಡ ಆ ವಿಧಾನದಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಸಾಗುತ್ತದೆ; ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದನ್ನು ಕೈಬಿಟ್ಟವು. ಆದ್ದರಿಂದ ಪಾಸ್‌ವರ್ಡನ್ನೂ ಫೈಲನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಫ್‌ಟಿಪಿ ಸೌಲಭ್ಯವಿದೆಯೇ ಎಂದು ನಿಮ್ಮ ಹೋಸ್ಟಿಂಗ್‌ನವರನ್ನು ಮೊದಲು ಕೇಳಿ. ಅದಿಲ್ಲದಿದ್ದರೆ ಎಫ್‌ಟಿಪಿಗೇ ಗೂಢಲಿಪಿಯ ರಕ್ಷಣೆ ಸೇರಿಸಿದ ಎಫ್‌ಟಿಪಿಎಸ್ ಆದರೂ ಇರಲಿ.

ನೀವು ವಿಂಡೋಸ್ ಬಳಸುವುದರಿಂದ ನನ್ನ ಆಯ್ಕೆ ವಿನ್‌ಎಸ್‌ಸಿಪಿ. ಇದು ವಿಂಡೋಸ್‌ಗೆ ಮಾತ್ರ ಲಭ್ಯವಿದ್ದು, ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಸಿಗುತ್ತದೆ. ಎಸ್‌ಎಫ್‌ಟಿಪಿಯಲ್ಲಿ ದೊಡ್ಡ ಫೈಲ್‌ಗಳನ್ನು ಕಳುಹಿಸುವಾಗ ಇದು ಮೊದಲು 'ಫೈಲ್‌ಪಾರ್ಟ್' ಎಂಬ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ನಿಜವಾದ ಹೆಸರು ಕೊಡುತ್ತದೆ. ಬೇಸಿಗೆಯ ಮಧ್ಯಾಹ್ನ ನಡುವೆ ಕರೆಂಟ್ ಹೋದರೂ ಸರ್ವರಿನಲ್ಲಿದ್ದ ಹಳೆಯ ಫೋಟೊ ಕೆಡುವುದಿಲ್ಲ. ಕರೆಂಟ್ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಸಬಹುದು. ನಮ್ಮ ಊರಿಗೆ ಇದೊಂದೇ ಗುಣ ಸಾಕು ಎನಿಸುತ್ತದೆ. ಮೊದಲ ಬಾರಿ ಸಂಪರ್ಕಿಸಿದಾಗ ಅದು ಸರ್ವರಿನ ಗುರುತಿನ ಕೀಯನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ. ಸುಮ್ಮನೆ 'ಯೆಸ್' ಒತ್ತದೆ, ಹೋಸ್ಟಿಂಗ್‌ನವರು ಕೊಟ್ಟ ಕೀಯೊಂದಿಗೆ ಅದನ್ನು ತಾಳೆ ನೋಡಿ.

ಫೈಲ್‌ಜಿಲ್ಲಾ ಕೂಡ ಒಳ್ಳೆಯದೇ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲೂ ನಡೆಯುತ್ತದೆ. ಆದರೆ ಅದರ ವಿಂಡೋಸ್ ಇನ್‌ಸ್ಟಾಲರಿನ ಒಂದು ರೂಪದಲ್ಲಿ ಬೇರೆ ಕಂಪನಿಗಳ ತಂತ್ರಾಂಶಗಳನ್ನೂ ಹಾಕಿಕೊಳ್ಳುವಂತೆ ಕೇಳುವ ಪರದೆಗಳು ಬರುತ್ತಿದ್ದವು. ಓದದೆ 'ನೆಕ್ಸ್ಟ್' ಒತ್ತುವ ಹುಡುಗರಿರುವ ಆಫೀಸಿನಲ್ಲಿ ಇದು ತಲೆನೋವು. ಅದನ್ನೇ ಬಳಸುವುದಾದರೆ ಮಾಸ್ಟರ್ ಪಾಸ್‌ವರ್ಡ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಉಳಿಸಿದ ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿಗೆ ಕೂತ ಯಾರು ಬೇಕಾದರೂ ಓದಿಬಿಡಬಹುದು.

ಫೋನಿನಿಂದ ಕಂಪ್ಯೂಟರಿಗೆ ಲೋಕಲ್‌ಸೆಂಡ್ ಸಾಕು. ಎರಡೂ ಒಂದೇ ವೈಫೈಯಲ್ಲಿದ್ದರೆ ಇಂಟರ್ನೆಟ್ ಕೂಡ ಬೇಕಾಗುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗಿ, ವಾಷಿಂಗ್ ಆದ ಬಟ್ಟೆಯ ಸೂಕ್ಷ್ಮ ಶೇಡ್ ಮಸುಕಾಗುತ್ತದೆ. ಲೋಕಲ್‌ಸೆಂಡ್‌ನಲ್ಲಿ ಮೂಲ ಫೈಲ್ ಹಾಗೆಯೇ ಬರುತ್ತದೆ.

ಆಫೀಸು ಮತ್ತು ಘಟಕದ ನಡುವೆ ಸಿಂಕ್‌ಥಿಂಗ್ ಹಾಕಿ. ಯಾವ ಕಂಪನಿಯ ಕ್ಲೌಡ್‌ನಲ್ಲೂ ಪ್ಯಾಟರ್ನ್‌ಗಳನ್ನು ಇಡದೆ, ಎರಡು ಕಂಪ್ಯೂಟರುಗಳ ಫೋಲ್ಡರುಗಳನ್ನು ಅದು ಒಂದೇ ಸ್ಥಿತಿಯಲ್ಲಿಡುತ್ತದೆ. ಎರಡೂ ಒಂದೇ ವೇಳೆಗೆ ಚಾಲೂ ಇರಬೇಕು ಎಂಬುದನ್ನು ಮರೆಯಬೇಡಿ. ಆಫೀಸಿನದು ಸಂಜೆ ಬಂದ್ ಆಗಿ ಘಟಕದ್ದು ರಾತ್ರಿ ಪಾಳಿಯಲ್ಲಷ್ಟೇ ಚಾಲೂ ಆದರೆ ಏನೂ ತಲುಪದು. ಇನ್ನೂ ಮುಖ್ಯವಾಗಿ, ಇದು ಬ್ಯಾಕಪ್ ಅಲ್ಲ: ಕಟಿಂಗ್ ಮಾಸ್ಟರ್ ಅಲ್ಲಿ ಅಳಿಸಿದ ಫೈಲ್ ನಿಮ್ಮಲ್ಲೂ ಅಳಿಯುತ್ತದೆ. ಆಫೀಸಿನ ಫೋಲ್ಡರನ್ನು 'ಸೆಂಡ್ ಓನ್ಲಿ' ಎಂದು ಹೊಂದಿಸಿದರೆ ಘಟಕದಲ್ಲಿ ಆದ ಬದಲಾವಣೆಗಳು ನಿಮ್ಮ ಮೂಲ ಫೈಲ್‌ಗಳನ್ನು ಮುಟ್ಟುವುದಿಲ್ಲ.