ಗಾಜಿನ ರೆಕ್ಕೆಯ ಪತಂಗವೂ ಕಾಫಿ ಸಸಿಯೂ

ಪ್ರಶ್ನೆ: ನರ್ಸರಿಯ ಕಾಫಿ ಸಸಿಗಳನ್ನು ಬಾಲದಲ್ಲಿ ಕೊಂಬಿರುವ ಹಸಿರು ಹುಳುಗಳು ತಿನ್ನುತ್ತಿವೆ. ಒಂದನ್ನು ಮಗಳು ಬಾಟಲಿಯಲ್ಲಿ ಸಾಕಿದಳು. ಹೊರಬಂದ ಪತಂಗದ ರೆಕ್ಕೆ ಬೂದು ಬಣ್ಣದ್ದು, ಮುದುಡಿಕೊಂಡಿತ್ತು. ಲಂಟಾನ ಹೂವಿಗೆ ಬರುವ ಪಾರದರ್ಶಕ ರೆಕ್ಕೆಯ ಪತಂಗ ಇದೇನಾ? ಔಷಧಿ ಹೊಡೆಯಬೇಕೆ?
– ಓದುಗರು, ಮೂಡಿಗೆರೆ

ಉತ್ತರ: ಹೌದು, ಅದೇ. ಸೆಫಾನೋಡಿಸ್ ಹೈಲಾಸ್ ಎಂಬ ಹಾಕ್ ಮಾತ್, ಹಗಲಲ್ಲಿ ಹಾರುವಂಥದ್ದು. ಕೋಶದಿಂದ ಬಂದಾಗ ಇದರ ರೆಕ್ಕೆಗೆ ಬೂದು ಪುಡಿ ಅಂಟಿರುತ್ತದೆ. ಮೊದಲ ಸಲ ಹಾರುವಾಗ ಅದೆಲ್ಲ ಉದುರಿ, ನರಗಳ ಗೆರೆಯಷ್ಟೇ ಉಳಿಯುತ್ತದೆ. ನಿಮ್ಮದು ಹಾರಲೇ ಇಲ್ಲ, ಪುಡಿ ಹಾಗೇ ಉಳಿಯಿತು. ಹಸಿರು ಮೈ, ಹೊಟ್ಟೆಗೆ ಕಂದುಗೆಂಪು ಪಟ್ಟಿ, ತುದಿಗೆ ಕಪ್ಪು ಕುಚ್ಚು ನೋಡಿ ಗುರುತಿಸಿ.

ಮುದುಡಲು ಕಾರಣ ಬಾಟಲಿ. ಹೊರಬಂದ ಪತಂಗ ಏನನ್ನಾದರೂ ಹತ್ತಿ ನೇತಾಡಿದರೆ ಮಾತ್ರ ರೆಕ್ಕೆಗೆ ದ್ರವ ಇಳಿದು ಅದು ಬಿಚ್ಚಿಕೊಳ್ಳುತ್ತದೆ. ನುಣುಪು ಗಾಜಿನಲ್ಲಿ ಕಾಲು ಜಾರುತ್ತದೆ, ರೆಕ್ಕೆ ಮಡಿಕೆಯಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಸರಿಪಡಿಸಲಾಗದು. ಮುಂದಿನ ಸಲ ಅಗಲ ಬಾಯಿಯ ಡಬ್ಬಿಗೆ ಮೂರು ಇಂಚು ಸಡಿಲ ಮಣ್ಣು ಹಾಕಿ, ಮೇಲೆ ತರಗೆಲೆ ಹರಡಿ, ಒರಟು ಕಡ್ಡಿಯೊಂದನ್ನು ಓರೆಯಾಗಿ ನಿಲ್ಲಿಸಿ. ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ. ಮಣ್ಣು ಹಿಂಡಿದರೆ ನೀರು ಬರಬಾರದು. ಹೆಚ್ಚು ತೇವವಾದರೆ ಕೋಶಕ್ಕೆ ಬೂಷ್ಟು ಹಿಡಿಯುತ್ತದೆ. ಹುಳು ತಿನ್ನುವುದು ಬಿಟ್ಟು ಅತ್ತಿತ್ತ ಓಡಾಡತೊಡಗಿದರೆ ಕಾಯಿಲೆಯಲ್ಲ, ಕೋಶಕ್ಕೆ ಜಾಗ ಹುಡುಕುತ್ತಿದೆ. ಅಲ್ಲಿಂದ ಸುಮಾರು ಎರಡು ವಾರ ಡಬ್ಬಿ ಅಲುಗಾಡಿಸಬೇಡಿ.

ಔಷಧಿ ಬೇಡ. ಬಿಳಿ ಕಾಂಡಕೊರಕ, ಕಾಯಿಕೊರಕಗಳ ಮುಂದೆ ಇದು ಲೆಕ್ಕಕ್ಕಿಲ್ಲ. ದೊಡ್ಡ ಗಿಡ ನಾಲ್ಕು ಎಲೆ ಕಳೆದುಕೊಂಡರೂ ಚಿಗುರುತ್ತದೆ. ಎಳೆ ಸಸಿಯ ಮಾತು ಬೇರೆ, ಬಲಿತ ಒಂದೇ ಹುಳು ಅದನ್ನು ಬೋಳು ಮಾಡೀತು. ಬೆಳಿಗ್ಗೆ ಚೀಲದ ಮಣ್ಣಿನ ಮೇಲೆ ಹಿಕ್ಕೆ ಕಂಡರೆ ಮೇಲಿನ ಎಲೆಗಳ ಅಡಿಭಾಗ ನೋಡಿ, ಹುಳುವನ್ನು ಕೈಯಿಂದಲೇ ತೆಗೆಯಿರಿ. ಕೊಂಬು ಚುಚ್ಚುವುದಿಲ್ಲ. ಒಂದೆಡೆ ಹೆಚ್ಚು ಹುಳುಗಳಿದ್ದರೆ ಕಪ್ಪು ಮೈಯವೂ ಇರುತ್ತವೆ, ಅವೂ ಇದೇ ಜಾತಿ. ಮೈಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳಿರುವ ಹುಳು ಸಿಕ್ಕರೆ ದಯವಿಟ್ಟು ಬಿಟ್ಟುಬಿಡಿ. ಅವು ಹುಳುವನ್ನು ಕೊಲ್ಲುವ ಪುಟ್ಟ ಕಣಜಗಳ ಗೂಡು.

ಪ್ರಶ್ನೆ: ಅಂಗಳದ ನಂದಿಬಟ್ಟಲಿನಲ್ಲಿ ನೀಲಿ ಕಣ್ಣಿನ ದಪ್ಪ ಹಸಿರು ಹುಳುಗಳಿವೆ. ಪಕ್ಕದ ಕಾಫಿಗೂ ಹರಡುತ್ತವೆಯೆ?
– ಓದುಗರು, ಸಕಲೇಶಪುರ

ಉತ್ತರ: ಇಲ್ಲ. ಅದು ಡಾಫ್ನಿಸ್ ನೇರಿಯೈ ಎಂಬ ಇನ್ನೊಂದು ಹಾಕ್ ಮಾತ್‌ನ ಹುಳು, ಕಣಗಿಲೆ ಮತ್ತು ನಂದಿಬಟ್ಟಲು ಜಾತಿಯ ಗಿಡಗಳದ್ದು. ನೀಲಿ ಕಣ್ಣುಗಳು ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಬೆದರಿಸುವ ಚುಕ್ಕೆಗಳು. ಪತಂಗ ಮುಸ್ಸಂಜೆಯ ನಂತರ ಹಾರುತ್ತದೆ. ಕಾಫಿಯ ಹುಳು ನಿಮ್ಮ ಅಂಗಳಕ್ಕೆ ಬಂದರೆ ಏರುವುದು ಗಂಧರಾಜಕ್ಕೆ; ಕಾಫಿಯೂ ಗಂಧರಾಜವೂ ಒಂದೇ ಕುಟುಂಬದ ಗಿಡಗಳು.