ಬಣ್ಣ ಬದಲಿಸುವ ಆಕ್ಟೋಪಸ್‌ನ ಜಾತಿ ಗುರುತಿಸೋದು ಹೇಗೆ?

ಹಿಂದೂ ಮಹಾಸಾಗರದ ಆಳವಿಲ್ಲದ ನೀರಿನಲ್ಲಿ ಕಾಣುವ ಆಕ್ಟೋಪಸ್ ಯಾವ ಜಾತಿಯದು ಅಂತ ನೋಡಿಯೇ ಹೇಳಬಹುದಾ ಎಂದು ಕೇಳಿದ್ದೀರಿ. ಎಷ್ಟೋ ಸಲ ಹೇಳಬಹುದು. ಆದರೆ ಬರೀ ಬಣ್ಣವನ್ನು ನಂಬಬೇಡಿ, ಅದು ಕ್ಷಣದಲ್ಲಿ ಬದಲಾಗುತ್ತದೆ. ಬದಲಾಗದ ಗುರುತುಗಳನ್ನು ಹುಡುಕಿ.

ಮೊದಲು ಕಣ್ಣಿನ ಕೆಳಗೆ, ತೋಳುಗಳ ಬುಡದ ಹತ್ತಿರ ನೋಡಿ. ಅಲ್ಲಿ ಕಣ್ಣಿನಂತೆ ಕಾಣುವ ಕಪ್ಪು ಮಚ್ಚೆ ಇದ್ದು, ಪ್ರಾಣಿಯೂ ದೊಡ್ಡದಾಗಿದ್ದು, ಹಗಲಲ್ಲೇ ಹವಳದ ದಿಬ್ಬದ ಮೇಲೆ ಬೇಟೆಯಾಡುತ್ತಿದ್ದರೆ ಅದು ಬಹುಶಃ ಆಕ್ಟೋಪಸ್ ಸಯಾನಿಯಾ. ಇದರ ತೋಳುಗಳು ಸುಮಾರು 80 ಸೆಂ.ಮೀ. ಉದ್ದ ಬೆಳೆಯುತ್ತವೆ.

ಮರಳು ಅಥವಾ ಕೆಸರಿನ ತಳದಲ್ಲಿ ಸಣ್ಣ ಆಕ್ಟೋಪಸ್ ಕಂಡರೆ ಮೈ ಮೇಲಿನ ಗೆರೆಗಳನ್ನು ಗಮನಿಸಿ. ಆಂಫಿಯೋಕ್ಟೋಪಸ್ ಮಾರ್ಜಿನೇಟಸ್‌ಗೆ ನರಗಳಂತೆ ಕವಲೊಡೆದ ಕಪ್ಪು ಗೆರೆಗಳಿರುತ್ತವೆ. ಕಪ್ಪು ತೋಳಿನ ಅಂಚಿನಲ್ಲಿ ಬಿಳಿ ಹೀರುಬಟ್ಟಲುಗಳು ಎದ್ದು ಕಾಣುತ್ತವೆ. ತೆಂಗಿನ ಚಿಪ್ಪನ್ನು ಹೊತ್ತೊಯ್ದು ಅದರೊಳಗೆ ಅಡಗುವುದು ಇದೇ. ನೋಡೋಕೆ ಎಷ್ಟು ಚೆಂದ!

ಅಂಗೈಯಗಲದ ಪ್ರಾಣಿಯ ಮೇಲೆ ಹೊಳೆಯುವ ನೀಲಿ ಉಂಗುರಗಳು ಕಂಡರೆ ಮಾತ್ರ ದಯವಿಟ್ಟು ಮುಟ್ಟಬೇಡಿ. ಸುಮ್ನೆ ಇದ್ದಾಗ ಉಂಗುರಗಳು ಮಂಕಾಗಿರುತ್ತವೆ, ಕೆಣಕಿದಾಗಲೇ ಜಾಸ್ತಿ ಹೊಳೆಯುತ್ತವೆ. ಅದರ ಟೆಟ್ರೊಡೊಟಾಕ್ಸಿನ್ ವಿಷಕ್ಕೆ ಮದ್ದಿಲ್ಲ.

ಫೋಟೊ ತೆಗೆಯುವಾಗ ತೋಳಿನ ಬುಡವೂ ಕಾಣುವಂತೆ ಪಕ್ಕದಿಂದ ತೆಗೆಯಿರಿ.